ಇಚಿನ್ ಹೊಳೆಯ ಫಾಸ್ಫೇಟ್: ನನ್ನ ಅಂಕಿ ಸದಾ ಮೂರು ಪಟ್ಟು ಬರುತ್ತಿರುವುದೇಕೆ?

ಹೊಳೆಬದಿ (ವಿಂಚೆಸ್ಟರ್)
ಊರಿನ ಸ್ವಯಂಸೇವಕರೊಡನೆ ಇಂಗ್ಲೆಂಡಿನ ಇಚಿನ್ ಹೊಳೆಯ ನೀರಿನಲ್ಲಿರುವ ಫಾಸ್ಫೇಟನ್ನು ಕೈಮಾಪಕದಿಂದ ಪರೀಕ್ಷಿಸುತ್ತಿದ್ದೇನೆ. ಅದೇ ಸೇತುವೆಯ ಬಳಿ ಸರ್ಕಾರದ ಪರಿಸರ ಸಂಸ್ಥೆಯಾದ ಎನ್ವಿರಾನ್‌ಮೆಂಟ್ ಏಜೆನ್ಸಿ ಪ್ರಕಟಿಸುವ ಅಂಕಿಗಿಂತ ನನ್ನ ಮಾಪಕದ ಅಂಕಿ ಪ್ರತಿ ಸಲವೂ ಸುಮಾರು ಮೂರು ಪಟ್ಟು ಇರುತ್ತದೆ. ನೀರಿಗೆ ಬೆರೆಸುವ ಪರೀಕ್ಷೆಯ ಪುಡಿ, ಬ್ಯಾಟರಿ ಎರಡನ್ನೂ ಬದಲಿಸಿಯಾಯಿತು. ಈ ಅಂಕಿಗಳನ್ನು ಹಿಡಿದು ಪ್ಯಾರಿಷ್ (ಗ್ರಾಮ) ಸಭೆಗೆ ಹೋದರೆ ಯಾರೂ ನಂಬುವುದಿಲ್ಲ, ತಳದ ಜಲ್ಲಿಯ ಮೇಲೆ ಕಂದು ಪಾಚಿ ಹಬ್ಬುತ್ತಿರುವುದನ್ನು ಕೇಳುವವರೂ ಇಲ್ಲವಾಗುತ್ತಾರೆ. ದಯವಿಟ್ಟು ದಾರಿ ತೋರಿಸಿ.

ಗಾಳದಕೋಲು
ಮಾಪಕದೊಳಗೆ ಇಡುವ ನೀರಿನ ಸೀಸೆ ಬೆವರುತ್ತಿದೆ. ಇಚಿನ್‌ನಂಥ ಚಾಕ್ ಹೊಳೆಗೆ ನೀರು ಬರುವುದು ನೆಲದಡಿಯ ಸುಣ್ಣಕಲ್ಲಿನ ಪದರದಿಂದ. ಬುಗ್ಗೆಯ ಬಳಿ ಅದು ವರ್ಷವಿಡೀ 10–11 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಬೇಸಿಗೆಯಲ್ಲಿ ಗಾಜಿನ ಹೊರಮೈ ಮಂಜುಗಟ್ಟಿ ಬೆಳಕು ಚದುರಿದರೆ ಮಾಪಕ ಅದನ್ನೂ ಫಾಸ್ಫೇಟ್ ಎಂದೇ ಎಣಿಸುತ್ತದೆ.

ತುಂಗಾತೀರ
ಬೆವರಿದ್ದರೆ ಅಂಕಿ ಏರಿಳಿಯಬೇಕಿತ್ತು, ಒಂದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಸೀಸೆಯನ್ನು ಡಿಶ್‌ವಾಶರಿಗೆ ಹಾಕುತ್ತೀರಾ? ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ ನೋಡಿ.

ಗಾಳದಕೋಲು
ಡಿಶ್‌ವಾಶರ್ ಪುಡಿಯ ಫಾಸ್ಫೇಟಿಗೆ 2017ರಲ್ಲೇ ಮಿತಿ ಬಂದಿದೆ, ತುಂಗಾತೀರ ಅವರೇ. ಮೊದಲು ಸೀಸೆಯನ್ನು ಒರೆಸಲಿ.

ತುಂಗಾತೀರ
ಮಿತಿ ಬಂತೆಂದರೆ ಪೂರ್ತಿ ಇಲ್ಲವಾಯಿತೆಂದಲ್ಲ.

ನೀಲಿಬಣ್ಣ
ಹೊಳೆಬದಿಯವರೇ, ನಿಮ್ಮ ಮಾಪಕ ಯಾವ ಏಕಮಾನದಲ್ಲಿ ತೋರಿಸುತ್ತದೆ ಎಂಬುದನ್ನೇ ನೀವು ಬರೆದಿಲ್ಲ. ಏಜೆನ್ಸಿ ಕೊಡುವುದು ಫಾಸ್ಫೇಟಿನೊಳಗಿನ ರಂಜಕದ (ಫಾಸ್ಫರಸ್) ಲೆಕ್ಕ. ಕೈಮಾಪಕಗಳಲ್ಲಿ ಹಲವು ಪಿಒ4, ಅಂದರೆ ಇಡೀ ಫಾಸ್ಫೇಟಿನ ಲೆಕ್ಕ ಕೊಡುತ್ತವೆ. ರಂಜಕದ ತೂಕ 31, ಪಿಒ4 ಅಯಾನಿನದು 95. ನಿಮ್ಮ ಅಂಕಿಯನ್ನು 3.07ರಿಂದ ಭಾಗಿಸಿ.

ಹೊಳೆಬದಿ
ಕೈಪಿಡಿಯಲ್ಲಿ ಪಿಒ4 ಎಂದೇ ಇದೆ. ಭಾಗಿಸಿದರೆ ಸೇತುವೆಯ ಅಂಕಿ ಹೊಂದುತ್ತದೆ, ಧನ್ಯವಾದಗಳು. ಆದರೆ ಹಳ್ಳಿಯ ಕೆಳಗಿನ ತಾಣದಲ್ಲಿ ಭಾಗಿಸಿದ ಮೇಲೂ ಹೆಚ್ಚೇ ಇದೆ, ಜೋರು ಮಳೆಯ ಮರುದಿನವಂತೂ ಇನ್ನಷ್ಟು ಏರುತ್ತದೆ.

ಗಾಳದಕೋಲು
ಅಲ್ಲಿಯೂ ಸೀಸೆ ಒರೆಸಿದ್ದೀರಾ?

ನೀಲಿಬಣ್ಣ
ಮಳೆಯ ನಂತರ ನೀರು ಕದಡಿರುತ್ತದೆ. ಪುಡಿಯಲ್ಲಿರುವ ಆಮ್ಲವು ಮಣ್ಣಿನ ಕಣಗಳಿಗೆ ಅಂಟಿದ ರಂಜಕವನ್ನೂ ಸ್ವಲ್ಪ ಬಿಡಿಸಬಲ್ಲದು. ಆದ್ದರಿಂದ ಹೊಳೆಯ ದಂಡೆಯಲ್ಲೇ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಸೋಸಿದ ನೀರಿನಿಂದಲೇ ಮಾಪಕದ ಸೊನ್ನೆ ಹೊಂದಿಸಿ. ಜೊತೆಗೆ ಮಳೆಯಿಲ್ಲದ ದಿನಗಳ ಅಂಕಿಯನ್ನೂ ನೋಡಬೇಕು. ಚರಂಡಿ ಶುದ್ಧೀಕರಣ ಘಟಕದ ನೀರು ದಿನವೂ ಬರುತ್ತದೆ, ಹಾಗಾಗಿ ಹೊಳೆ ಇಳಿದಾಗ ಅದರ ಪಾಲು ಏರುತ್ತದೆ. ಮಳೆಯೊಡನೆ ಮಾತ್ರ ಏರಿದರೆ ಹೊಲದಿಂದ ಕೊಚ್ಚಿಬಂದ ಮಣ್ಣನ್ನೋ ಉಕ್ಕಿ ಹರಿದ ಚರಂಡಿಯನ್ನೋ ಶಂಕಿಸಬೇಕು. ಹಳ್ಳಿಯ ಮೇಲೂ ಕೆಳಗೂ ಒಂದೇ ದಿನ ನೀರು ಹಿಡಿಯದೆ ಯಾವುದನ್ನೂ ಹೇಳಲಾಗದು.

ತುಂಗಾತೀರ
ನೈಟ್ರೇಟನ್ನೂ ಅಳೆಯಿರಿ. ಅಲ್ಲಿ ಸಾರಜನಕದ ಲೆಕ್ಕಕ್ಕೆ ಬರಲು 4.43ರಿಂದ ಭಾಗಿಸಬೇಕು. ದಶಕಗಳ ಹಿಂದೆ ಹೊಲಕ್ಕೆ ಹಾಕಿದ ಗೊಬ್ಬರ ಸುಣ್ಣಕಲ್ಲಿನೊಳಗೆ ಮೆಲ್ಲಗೆ ಇಳಿದು ಈಗ ಬುಗ್ಗೆಗೆ ಬರುತ್ತಿರುವುದರಿಂದ, ಅದನ್ನು ಹಳ್ಳಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹೊಳೆಬದಿ
ಫಿಲ್ಟರ್ ತರಿಸುತ್ತೇನೆ. ಹಳ್ಳಿಯ ಮೇಲ್ಭಾಗದ ದಂಡೆ ಪೂರ್ತಿ ಖಾಸಗಿ ಜಮೀನು, ಮೀನು ಹಿಡಿಯುವ ಹಕ್ಕೂ ಬೇರೆಯವರದು. ಅಲ್ಲಿ ನೀರು ಹಿಡಿಯಲು ಅನುಮತಿ ಪಡೆದವರು ಯಾರಾದರೂ ಇದ್ದೀರಾ?