ಗಾಳ ಸಿಕ್ಕಿಕೊಂಡರೆ ನೀರಿಗೆ ಇಳಿಯಬೇಡ ಅಂತ ಹೇಳು

ಅಮ್ಮಣ್ಣಿ, ನಿನ್ನ ಮೆಸೇಜ್ ಈಗ ನೋಡಿದೆ. ಹುಡುಗ ಆನ್‌ಲೈನಲ್ಲಿ ಬಣ್ಣಬಣ್ಣದ ಜಿಗ್, ಅಂದರೆ ಸೀಸದ ತಲೆ ಇರುವ ಗಾಳ, ತರಿಸಿದ್ದಾನೆ, ಭಾನುವಾರ ಸ್ನೇಹಿತರ ಜೊತೆ ಕೆರೆಗೆ ಹೋಗಿ ಏಡಿ ಚುಚ್ಚಿ ತಳದ ಮೀನು ಹಿಡಿಯುತ್ತಾನಂತೆ, ಯಾವ ಬಣ್ಣ ಹಾಕಬೇಕು ಅಂತ ನಿನ್ನನ್ನು ಕೇಳುತ್ತಿದ್ದಾನೆ, ನಿನಗೆ ಹೆದರಿಕೆ, ಏನು ಹೇಳಲಿ ಮಾವ ಅಂತ ಬರೆದಿದ್ದೀಯ. ಇದನ್ನೆಲ್ಲ ಟೈಪ್ ಮಾಡೋಕೆ ನನ್ನ ಕೈಲಿ ಆಗಲ್ಲ, ಅದಕ್ಕೇ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲೇ ವಾಯ್ಸ್ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಪೂರ್ತಿ ಕೇಳು, ಅವನಿಗೂ ಕೇಳಿಸು.

ಬಣ್ಣದ ಮಾತು ಆಮೇಲೆ. ಮೊದಲು ಇದು. ತಳದಲ್ಲಿ ಗಾಳ ಸಿಕ್ಕಿಕೊಂಡರೆ ಬಿಡಿಸೋಕೆ ಅಂತ ನೀರಿಗೆ ಇಳಿಯಬಾರದು. ಜಿಗ್ ಹೋದರೆ ಹೋಗಲಿ. ಇದು ಬೆಂಡು ಕಟ್ಟಿ ಎರೆಹುಳು ತೇಲಿಸಿ ಸಣ್ಣ ಮೀನು ಹಿಡಿಯುವುದಲ್ಲ. ತಳಕ್ಕೆ ಬಿಟ್ಟ ಗಾಳ ಒಂದಲ್ಲ ಒಂದು ಸಲ ಸಿಕ್ಕಿಕೊಂಡೇ ಸಿಕ್ಕಿಕೊಳ್ಳುತ್ತದೆ. ಆಗ ಹುಡುಗರು ಏನು ಮಾಡುತ್ತಾರೆ ಅಂತ ನನಗೆ ಗೊತ್ತು.

ಬೇತಮಂಗಲದ ಭಾವ ನಿಮಗೆಲ್ಲ ಗೊತ್ತಲ್ಲ. ಮದುವೆಮನೆಯಲ್ಲಿ ಅವರು ಕಾಫಿ ಲೋಟ ಎಡಗೈಯಲ್ಲಿ ಹಿಡಿಯುತ್ತಾರೆ. ಯಾಕೆ ಅಂತ ಈ ಗುಂಪಿನ ಮಕ್ಕಳು ಯಾರೂ ಕೇಳಿಲ್ಲ. ನಾನು ಹೇಳುತ್ತೇನೆ. ಆ ವರ್ಷ ನಮ್ಮೂರ ಕೆರೆಗೆ ತುಂಬಾ ಕಾಲದ ಮೇಲೆ ನೀರು ಬಂದಿತ್ತು. ಒಣಗಿ ಬಿದ್ದಿದ್ದಾಗ ಕೆರೆ ಅಂಗಳದ ತುಂಬ ಸೀಮೆಜಾಲಿ ಬೆಳೆದಿತ್ತು, ಯಾರೂ ಕಡಿಯಲಿಲ್ಲ. ನೀರು ಅದರ ಮೇಲೆಯೇ ನಿಂತುಬಿಟ್ಟಿತು. ಭಾವ ಗದ್ದೆ ಬದುವಿನ ತೂತಿಗೆ ಕೈ ಹಾಕಿ ಏಡಿ ಹಿಡಿದು ತಂದಿದ್ದರು. ಆಗ ಜಿಗ್ ಗಿಗ್ ಇಲ್ಲ, ಸೀಸದ ಗುಂಡು ಕಟ್ಟಿದ ಗಾಳ, ಬಿದಿರು ಗಳ. ಎಸೆದ ಸ್ವಲ್ಪ ಹೊತ್ತಿಗೆ ಗಾಳ ಸಿಕ್ಕಿಕೊಂಡಿತು. ಎಳೆದರು, ಬರಲಿಲ್ಲ. ಮೊಣಕಾಲುದ್ದ ನೀರು ಬಿಡೋ ಅಂತ ಹೇಳಿ ತಂಗೂಸಿ, ಅದೇ ಗಾಳದ ನೈಲಾನ್ ದಾರ, ಕೈಗೆ ಸುತ್ತಿಕೊಂಡು, ಪಂಚೆ ಎತ್ತಿ ಕಟ್ಟಿ ಇಳಿದೇ ಬಿಟ್ಟರು. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು. ಮುಂದಿನ ಹೆಜ್ಜೆಗೆ ಭಾವ ಇಲ್ಲ.

ಗುಂಡಿ. ಇಟ್ಟಿಗೆ ಗೂಡಿಗೆ ಮಣ್ಣು ತೆಗೆದ ಗುಂಡಿ. ಜೆಸಿಬಿಯಲ್ಲಿ ಅಗೆದ ಗುಂಡಿಗೆ ಇಳಿಜಾರು ಇರುವುದಿಲ್ಲ, ಅಂಚು ನೆಟ್ಟಗೆ ಇಳಿದಿರುತ್ತದೆ. ಭಾವ ಈಜು ಬಲ್ಲವರು, ಬಾವಿ ಕಟ್ಟೆ ಮೇಲಿಂದ ಹಾರುತ್ತಿದ್ದವರು. ಆದರೂ ಏನು ಪ್ರಯೋಜನ? ಮೇಲೆ ಬಂದು ಅಂಚು ಹಿಡಿದರೆ ಜೇಡಿಮಣ್ಣು ಕೈಯಲ್ಲೇ ಕರಗಿ ಬರುತ್ತಿತ್ತು. ಕೆಳಗೆ ಜಾಲಿ ಮುಳ್ಳಿಗೆ ಪಂಚೆ ಸಿಕ್ಕಿತ್ತು. ನಾನು ದಂಡೆಯಲ್ಲಿ ಬೋರಲು ಮಲಗಿ ಗಳ ಚಾಚಿದೆ. ಹಿಡಿದರು, ಒದ್ದೆ ಬಿದಿರು, ಕೈ ಜಾರಿತು. ಆ ಕಡೆ ಕುರಿ ಮೇಯಿಸುತ್ತಿದ್ದ ಹುಡುಗ ಓಡಿ ಬಂದು ತನ್ನ ಕಂಬಳಿಯನ್ನೇ ಗಳದ ತುದಿಗೆ ಕಟ್ಟಿದ. ಅದನ್ನು ಹಿಡಿದುಕೊಂಡರು ನೋಡು, ಅದಕ್ಕೇ ಇವತ್ತು ಇದ್ದಾರೆ. ಎಳೆದು ಹಾಕಿದಾಗ ಮೂಗು ಬಾಯಿ ಎಲ್ಲ ಕೆಸರು. ಬಲಗೈ ಬೆರಳಿಗೆ ತಂಗೂಸಿ ಬಿಗಿದು ಮೂಳೆ ಕಾಣುವಷ್ಟು ಕೊಯ್ದಿತ್ತು. ಆ ಎರಡು ಬೆರಳು ಇವತ್ತಿಗೂ ಮಡಚಲ್ಲ.

ಗಾಳ ಎಷ್ಟರದ್ದು ಅಂದುಕೊಂಡೆ? ಒಂದು ಟೀ ದುಡ್ಡಿನದ್ದು.

ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಅವನ ಮುಂದೆ ಫೋನ್ ಹಿಡಿ. ಮರಿ, ಗಾಳ ಸಿಕ್ಕಿಕೊಂಡರೆ ನೀರಿಗೆ ಇಳಿಯಬೇಡ. ಮೊಣಕಾಲುದ್ದ ಕಂಡರೂ ಬೇಡ. ಸ್ನೇಹಿತರು ಹೇಳಿದರೂ ಬೇಡ. ಈಜು ಬಂದರೂ ಬೇಡ.

ಮೊದಲು ನಮ್ಮ ಕೆರೆಗಳು ಹೀಗಿರಲಿಲ್ಲ ಅಮ್ಮಣ್ಣಿ. ಕೋಲಾರಕ್ಕೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಪಾಲಾರ್ ಇದೆ, ಮಳೆ ಬಂದರೆ ಬಂತು. ಕೆರೆ ಕಟ್ಟಿಕೊಂಡೇ ನಮ್ಮ ಹಿರಿಯರು ಬದುಕಿದ್ದು. ಬೇಸಿಗೆಯಲ್ಲಿ ಎತ್ತಿನಗಾಡಿ ಹೂಡಿ ಗೋಡು ಮಣ್ಣು, ಅಂದರೆ ಕೆರೆ ಹೂಳು, ಹೊಲಕ್ಕೆ ಹೊಡೆಯುತ್ತಿದ್ದರು. ಊರಿಗೆ ಊರೇ ತೆಗೆದರೂ ಅಂಗಳ ಸಮವಾಗಿ ತಗ್ಗುತ್ತಿತ್ತು, ಗುಂಡಿ ಬೀಳುತ್ತಿರಲಿಲ್ಲ. ತೂಬು ಎತ್ತೋದು, ಕೋಡಿ ನೋಡೋದು ನೀರಗಂಟಿ ಕೆಲಸ. ಎಲ್ಲಿ ಆಳ, ಎಲ್ಲಿ ಕೆಸರು ಅಂತ ಅವನನ್ನು ಕೇಳಿದರೆ ಸಾಕಿತ್ತು. ಈಗ ನೀರಗಂಟಿ ಎಲ್ಲಿದ್ದಾನೆ? ರಾತ್ರಿ ಲೈಟ್ ಹಾಕಿಕೊಂಡು ಅಗೆಯುತ್ತಾರೆ, ಬೆಳಿಗ್ಗೆಗೆ ಟ್ರ್ಯಾಕ್ಟರ್ ಇಲ್ಲ, ಗುಂಡಿ ಇದೆ.

2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ನೀರು ಬಂತು. ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಬಿಟ್ಟಿದ್ದು. ಆಮೇಲೆ ಒಂದೊಂದೇ ಕೆರೆ ತುಂಬಿದವು. ಕೆರೆಯಲ್ಲಿ ನೀರು ನೋಡಿ ಎಷ್ಟೋ ಜನರಿಗೆ ಸಂತೋಷ ಆಯಿತು, ನನಗೂ ಆಯಿತು. ಆದರೆ ನಮ್ಮ ಕಡೆ ನೀರು ಬರುವ ಮೊದಲು ಗುಂಡಿ ಮುಚ್ಚಿದವರು ಯಾರು? ಜಾಲಿ ಕಡಿದವರು ಯಾರು? ಒಣ ಕೆರೆಯಲ್ಲಿ ಕ್ರಿಕೆಟ್ ಆಡಿ ಬೆಳೆದ ಮಕ್ಕಳಿಗೆ ಕೆರೆ ಆಳ ಹೇಗೆ ಗೊತ್ತಾಗಬೇಕು? ನಾನು ಅರ್ಜಿ ಬರೆದುಕೊಂಡು ಒಂದು ಕಚೇರಿಗೆ ಹೋದೆ. ಕೂರಿಸಿದರು, ಟೀ ಕೊಟ್ಟರು, ಇದು ನಮಗೆ ಬರಲ್ಲ ಯಜಮಾನ್ರೇ ಅಂದರು. ಇನ್ನೊಂದು ಕಚೇರಿಯವರೂ ಅದೇ ಅಂದರು. ಇವತ್ತಿಗೂ ಆ ದಂಡೆಯಲ್ಲಿ "ಇಲ್ಲಿ ಗುಂಡಿ ಇದೆ" ಅನ್ನೋ ಒಂದು ಬೋರ್ಡು ಇಲ್ಲ. ನಮ್ಮ ಮನೆಯವರಾದರೂ ಜೊತೆಗೆ ಬಂದರಾ? ಇದೇ ಗುಂಪಿನಲ್ಲಿ ದಿನ ಬೆಳಗಾದರೆ ಗುಡ್ ಮಾರ್ನಿಂಗ್ ಹೂವು ಹಾಕುತ್ತೀರಿ. ಸಹಿ ಹಾಕಿ ಬನ್ನಿ ಅಂದಾಗ ಎಲ್ಲರಿಗೂ ಕೆಲಸ. ದೊಡ್ಡ ಅಳಿಯಂದಿರು ಖಂಡಿತ ಬರುತ್ತೇನೆ ಅಂದರು. ಅವತ್ತು ಬಸ್‌ಸ್ಟ್ಯಾಂಡಿನಲ್ಲಿ ಕಾದು ಕಾದು ನಾನೊಬ್ಬನೇ ಹೋದೆ. ಅದು ನನ್ನ ಮನಸ್ಸಿನಲ್ಲಿ ಇದೆ.

ಇರಲಿ. ಅವನು ಕೇಳಿದ್ದು ಬಣ್ಣ ಅಲ್ವಾ. ಹೇಳುತ್ತೇನೆ.

ಅವನು ನೋಡಿರುವ ವಿಡಿಯೋ ನಾನೂ ನೋಡಿದೆ. ಅದು ಅಮೆರಿಕದ ಪೂರ್ವ ಕರಾವಳಿಯದು. ಸಮುದ್ರದ ಬಂಡೆ ಸಂದಿಯಲ್ಲಿರುವ ಟಾಟಾಗ್ ಅನ್ನೋ ಮೀನು, ಏಡಿ ಚಿಪ್ಪನ್ನು ಹಲ್ಲಿನಲ್ಲೇ ಒಡೆದು ತಿನ್ನುತ್ತದೆ. ಅಲ್ಲಿ ನೀರಿನ ಸೆಳೆತ ಇದೆ, ಅದಕ್ಕೆ ಭಾರದ ಜಿಗ್ ಬೇಕು. ನಮ್ಮದು ನಿಂತ ನೀರು. 5ರಿಂದ 10 ಗ್ರಾಂ ಸಾಕು. ಜಾಸ್ತಿ ಭಾರ ಹಾಕಿದರೆ ಹೂಳಿನಲ್ಲಿ ಹೂತುಹೋಗುತ್ತದೆ.

ಈಗ ಮಳೆ ನೀರು ಬಂದು ಕೆರೆ ಕೆಂಪಗಿದೆ. ಇಂಥ ನೀರಿಗೆ ಕಪ್ಪು ಇಲ್ಲ ಕಡು ಕಂದು ಹಾಕಲಿ, ಮಬ್ಬಿನಲ್ಲಿ ಆಕಾರ ಎದ್ದು ಕಾಣುತ್ತದೆ. ಅದು ಇಲ್ಲದಿದ್ದರೆ ಹೊಳೆಯುವ ನಿಂಬೆ ಹಳದಿ. ಸಂಕ್ರಾಂತಿ ಹೊತ್ತಿಗೆ ನೀರು ತಿಳಿಯಾದ ಮೇಲೆ ಏಡಿಯದೇ ಬಣ್ಣ, ಕಂದು, ಖಾಕಿ, ಪಾಚಿ ಹಸಿರು. ಆದರೆ ಬಣ್ಣಕ್ಕೆ ಅಷ್ಟೊಂದು ದುಡ್ಡು ಸುರಿಯೋದು ಬೇಡ. ಏಡಿ ಚುಚ್ಚಿದ ಮೇಲೆ ಅರ್ಧಕ್ಕಿಂತ ಜಾಸ್ತಿ ಕೆಲಸ ವಾಸನೆಯದು. ಮೀಸೆ ಇರುವ ತಳದ ಮೀನು ಕತ್ತಲಲ್ಲೂ ವಾಸನೆ, ರುಚಿ ಹಿಡಿದೇ ಬರುತ್ತದೆ. ಕೊರಮೀನು ಮಾತ್ರ ಕಣ್ಣಿನಿಂದ ನೋಡಿ ಹಿಡಿಯುತ್ತದೆ. ಅದು ಮರಿಗಳ ಜೊತೆ ಕಂಡರೆ ಹಿಡಿಯಬಾರದು ಅಂತ ಹೇಳು. ತಾಯಿ ತಂದೆ ಹೋದರೆ ಮರಿ ಉಳಿಯಲ್ಲ.

ಏಡಿ ಸಣ್ಣದಿರಲಿ. ಕೊಂಡಿ ಎರಡೂ ಮುರಿಯಬೇಕು. ದೊಡ್ಡದಾದರೆ ಎರಡು ಹೋಳು ಮಾಡಲಿ, ರಸ ಹೊರಗೆ ಬರುತ್ತದೆ. ಕಾಲು ಕಿತ್ತ ತೂತಿನಿಂದ ಗಾಳ ಹಾಕಿ ಬೆನ್ನ ಚಿಪ್ಪಿನಿಂದ ಹೊರಗೆ ತೆಗೆಯಬೇಕು. ಮೊನೆ ಮುಚ್ಚಿಹೋಗಬಾರದು. ಎಸೆದ ಮೇಲೆ ದಾರ ಸಡಿಲ ಆಯಿತು ಅಂದರೆ ತಳ ಮುಟ್ಟಿತು. ಒಂದು ಗೇಣು ಎತ್ತಿ ಬಿಡಲಿ, ಸುಮ್ನೆ ಇರಲಿ. ಟಕ್ ಟಕ್ ಅಂದ ಕೂಡಲೇ ಎಳೆಯಬಾರದು. ಅದು ಜಿಲೇಬಿ ಮೀನು ಕಚ್ಚಿ ಕಚ್ಚಿ ನೋಡುತ್ತಿರುತ್ತದೆ. ದಾರ ಭಾರವಾಗಿ ಒಂದು ಕಡೆಗೆ ಹೋಗತೊಡಗಿದರೆ ಆಗ ಎತ್ತಬೇಕು.

ಇನ್ನು ಮುಖ್ಯವಾದದ್ದು. ಜಿಗ್ ಹತ್ತಿರದ ಒಂದು ಮೊಳ ತಂಗೂಸಿ, ಮೇಲಿನ ದಾರಕ್ಕಿಂತ ತೆಳ್ಳಗಿರಲಿ. ಸಿಕ್ಕಿಕೊಂಡರೆ ಅಲ್ಲೇ ಕಿತ್ತುಹೋಗುತ್ತದೆ, ಉಳಿದ ದಾರ ಕೈಗೆ ಬರುತ್ತದೆ. ಮೊದಲು ದಂಡೆಯ ಮೇಲೇ ಆ ಕಡೆ ಈ ಕಡೆ ನಡೆದು ಬೇರೆ ದಿಕ್ಕಿನಿಂದ ಎಳೆದು ನೋಡಲಿ. ಬರಲಿಲ್ಲ ಅಂದರೆ ದಾರವನ್ನು ಒಂದು ಕಡ್ಡಿಗೆ ಸುತ್ತಿ, ಮುಖ ಪಕ್ಕಕ್ಕೆ ತಿರುಗಿಸಿ ಎಳೆಯಲಿ. ಸೀಸ ಕಿತ್ತು ಬಂದರೆ ಕಣ್ಣಿಗೇ ಬಡಿಯುತ್ತದೆ. ಕೈಗೆ ಮಾತ್ರ ಸುತ್ತಬಾರದು.

ಕೆರೆಯ ಮೀನು ಟೆಂಡರ್ ಹಿಡಿದವರನ್ನು ಕೇಳಿಯೇ ಗಾಳ ಹಾಕಲಿ, ಸುಮ್ನೆ ಜಗಳ ಬೇಡ. ಏರಿ ಮೇಲೆ ಕೂರಲಿ, ತೂಬಿನ ಹತ್ತಿರ ಬೇಡ. ಒಂದು ಉದ್ದ ಹಗ್ಗ ಬ್ಯಾಗಿನಲ್ಲಿ ಇರಲಿ. ಭಾನುವಾರ ಹೊರಡುವ ಮೊದಲು ನನಗೆ ಫೋನ್ ಮಾಡಿಸು, ಯಾವ ಕೆರೆ ಅಂತ ಹೇಳಲಿ. ನಮ್ಮ ಸುತ್ತಮುತ್ತಲಿನದಾದರೆ ಗುಂಡಿ ಯಾವ ಕಡೆ ಇದೆ ಅಂತ ನಾನೇ ಹೇಳುತ್ತೇನೆ.