ಅಪ್ಪನ ಮರೆವು ಫಿಟ್ಸ್‌ನಿಂದ ಅಂತಾರೆ, ಮಾತ್ರೆ ಶುರು ಮಾಡಿದವರು ಅನುಭವ ಹೇಳಿ

ತುಮಕೂರು ಹುಡುಗ:
ಅಪ್ಪನಿಗೆ 67. ಆಗಾಗ ಬೆಳಗ್ಗೆ ಎದ್ದ ಮೇಲೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಕೇಳಿದ್ದನ್ನೇ ಕೇಳುತ್ತಾರೆ. "ಇವತ್ತು ಯಾವ ವಾರ? ನಾವು ಯಾಕೆ ಇಲ್ಲಿದ್ದೀವಿ?" ಆಮೇಲೆ ಏನೂ ಆಗದ ಹಾಗೆ ಕಾಫಿ ಕುಡಿಯುತ್ತಾರೆ. ಬೀಳುವುದಿಲ್ಲ, ಬಾಯಲ್ಲಿ ನೊರೆ ಇಲ್ಲ. ಇಇಜಿ (ತಲೆಗೆ ವೈರ್ ಹಚ್ಚಿ ಮೆದುಳಿನ ವಿದ್ಯುತ್ ಅಲೆ ನೋಡುವ ಟೆಸ್ಟ್), ಎಂಆರ್‌ಐ ಎರಡೂ ನಾರ್ಮಲ್. ಆದರೂ ನ್ಯೂರೋ ಡಾಕ್ಟರು ಇದು ಟಿಇಎ, ಮರೆವಿನ ರೂಪದಲ್ಲಿ ಬರುವ ಫಿಟ್ಸ್ ಅಂತ ಹೇಳಿ ಲೆವೆಟಿರಾಸಿಟಮ್ ಅನ್ನುವ ಫಿಟ್ಸ್ ಮಾತ್ರೆ ಬರೆದಿದ್ದಾರೆ. ಅಣ್ಣ ಬೇಡ ಅನ್ನುತ್ತಿದ್ದಾನೆ. ಏನು ಮಾಡಲಿ?

ಹುಬ್ಬಳ್ಳಿ ಸೊಸೆ:
ನಮ್ಮ ಮಾವನವರದ್ದು ಕೇಳಿ. ಮೊದಲು ನೋಡಿದ ಡಾಕ್ಟರು ಡಿಮೆನ್ಷಿಯಾ (ಮರೆವಿನ ಕಾಯಿಲೆ) ಅಂದರು, ಅದಕ್ಕೆ ಡೊನೆಪೆಜಿಲ್ ಮಾತ್ರೆ ಕೊಟ್ಟರು. ಎರಡು ವರ್ಷ ನುಂಗಿದರು. ಆ ಮಾತ್ರೆಗೆ ನಾಡಿ 44ಕ್ಕೆ ಇಳಿದು ಬಚ್ಚಲಲ್ಲಿ ಬಿದ್ದರು. ಎಕೋ, ಹೋಲ್ಟರ್ ಅಂತ ಹೃದಯದ ಟೆಸ್ಟುಗಳಿಗೆ ಬೇರೆ 9,400 ಹೋಯಿತು. ಅಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆಯನ್ನು ಕೊನೆಗೆ ಒಬ್ಬ ಡಾಕ್ಟರಮ್ಮ ಕೇಳಿದರು: "ಆ ಹೊತ್ತಿನಲ್ಲಿ ಬಾಯಿ ಚಪ್ಪರಿಸುತ್ತಾರಾ?" ಹೌದು! ಚಪ್ಪರಿಸುತ್ತಿದ್ದರು. ಧೋತರದ ಅಂಚನ್ನು ಎರಡು ಬೆರಳಲ್ಲಿ ಹೊಸೆಯುತ್ತಿದ್ದರು. "ಏನೋ ಸುಟ್ಟ ವಾಸನೆ" ಅಂತ ನನ್ನನ್ನು ಅಡುಗೆಮನೆಗೆ ಓಡಿಸುತ್ತಿದ್ದರು. ನೋಡಿದರೆ ಗ್ಯಾಸ್ ಆಫ್ ಇರುತ್ತಿತ್ತು.

ರಾತ್ರಿಯಿಡೀ ನಿದ್ದೆಗೆಡಿಸಿ ಇಇಜಿ ಮಾಡಿಸಿ ಅಂದರು. ನಾನೂ ಅತ್ತೆಯೂ ಅವರಿಗೆ ಇಸ್ಪೀಟು ಆಡಿಸುತ್ತಾ ಕೂತೆವು. ಮೆದುಳಿನ ಎಡಗಡೆ ಟೆಂಪೊರಲ್ ಭಾಗದಲ್ಲಿ (ಕಿವಿಯ ಪಕ್ಕದ ಭಾಗ) ಫಿಟ್ಸ್ ಗುರುತು ಸಿಕ್ಕೇಬಿಟ್ಟಿತು. ಹಗಲಲ್ಲಿ ಸುಮ್ನೆ ಮಾಡಿದ ಇಇಜಿ ನಾರ್ಮಲ್ ಬಂತು ಅಂದರೆ ಏನೂ ಇಲ್ಲ ಅಂತಲ್ಲ. ಈಗ ಫಿಟ್ಸ್ ಮಾತ್ರೆಯ ಕಡಿಮೆ ಡೋಸಿಗೇ ಆ ಕಾಟ ನಿಂತಿದೆ. ನಾನು ಹಟ ಹಿಡಿಯದಿದ್ದರೆ ಇವತ್ತಿಗೂ ಡಿಮೆನ್ಷಿಯಾ ಮಾತ್ರೆಯೇ ನಡೆಯುತ್ತಿತ್ತು.

ಹಾಸನ ತೋಟದವರು:
ಲೆವೆಟಿರಾಸಿಟಮ್ ಅಂದರೆ ನನಗೆ ಮೈ ಉರಿಯುತ್ತದೆ. ನನ್ನ ಹೆಂಡತಿ ಏರು ದನಿಯಲ್ಲಿ ಮಾತಾಡಿದವಳೇ ಅಲ್ಲ. ಮಾತ್ರೆ ಶುರುವಾದ ಮೂರನೇ ವಾರ ಸಾರಿನ ಪಾತ್ರೆ ಎತ್ತಿ ಸೊಸೆ ಕಡೆ ಎಸೆದಳು. ಮಗ ಬೇರೆ ಮನೆ ಮಾಡಿದ. ಅಡ್ವಾನ್ಸ್ ಒಂದೂವರೆ ಲಕ್ಷ, ಬಾಡಿಗೆ 14,000. ಇದನ್ನೆಲ್ಲ ಯಾರ ಲೆಕ್ಕಕ್ಕೆ ಬರೆಯಲಿ? ಆಮೇಲೆ ಲ್ಯಾಮೊಟ್ರಿಜಿನ್ ಅಂತ ಬೇರೆ ಫಿಟ್ಸ್ ಮಾತ್ರೆ ಕೊಟ್ಟರು. ಅದನ್ನು 25 ಮಿಲಿಗ್ರಾಂನಿಂದ ನಿಧಾನವಾಗಿ ಏರಿಸಬೇಕು. ಅವಸರ ಮಾಡಿದರೆ ಮೈಮೇಲೆ ದದ್ದೆದ್ದು ಜೀವಕ್ಕೇ ಕುತ್ತು ಬರಬಹುದು. ದಿನಾ ರಾತ್ರಿ ಟಾರ್ಚ್ ಹಿಡಿದು ಅವಳ ಬೆನ್ನು ನೋಡುತ್ತಿದ್ದೆ. ಈಗ ಪರವಾಗಿಲ್ಲ. ಲೆವೆ ಮಾತ್ರ ಶುರು ಮಾಡಲೇಬೇಡಿ.

ಮೈಸೂರು ಔಷಧಿ ಅಂಗಡಿ:
ಸ್ವಾಮಿ, ಒಂದು ಮನೆಯಲ್ಲಿ ಹಾಗಾಯಿತು ಅಂತ ಊರಿಗೆಲ್ಲ ಬೇಡ ಅನ್ನಬೇಡಿ. ಸಿಟ್ಟು ಕೆಲವರಿಗೆ ಬರುತ್ತದೆ, ಎಲ್ಲರಿಗೂ ಅಲ್ಲ. ಬಿಪಿ, ಶುಗರ್ ಮಾತ್ರೆಗಳ ಜೊತೆ ಅದಕ್ಕೆ ಅಷ್ಟಾಗಿ ತಕರಾರಿಲ್ಲ. ಕಿಡ್ನಿ ನೋಡಿಕೊಂಡು ಡೋಸ್ ಇಡಬೇಕು. ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ಮಾಡಿಸದೆ ಶುರು ಮಾಡಬಾರದು. ನನ್ನ ತಾಯಿಗೆ ಇದನ್ನೇ ಕೊಟ್ಟಿದ್ದು, ಚೆನ್ನಾಗಿದ್ದಾರೆ.

ಹಾಸನ ತೋಟದವರು:
ನಿಮ್ಮ ತಾಯಿ ಪಾತ್ರೆ ಎಸೆಯಲಿಲ್ಲ, ಅದಕ್ಕೇ ಈ ಮಾತು. ಮಾರುವವರಿಗೆ ಎಲ್ಲ ಮಾತ್ರೆಯೂ ಒಳ್ಳೆಯದೇ.

ಮೈಸೂರು ಔಷಧಿ ಅಂಗಡಿ:
ಹಂಗಿಸಬೇಡಿ. ಕೈಯಲ್ಲಿ ದುಡ್ಡಿಲ್ಲ ಅಂದವರನ್ನು ಜನೌಷಧಿ ಅಂಗಡಿಗೆ ನಾನೇ ಕಳಿಸಿದ್ದೇನೆ.

ಪುತ್ತೂರು:
ನೀವಿಬ್ಬರೂ ಲೆವೆಗೇ ಹೊಡೆದಾಡುತ್ತಿದ್ದೀರಿ. ನನ್ನ ಅಮ್ಮನಿಗೆ ಕೊಟ್ಟದ್ದು ಆಕ್ಸ್‌ಕಾರ್ಬಜೆಪಿನ್, ಅದೂ ಫಿಟ್ಸ್ ಮಾತ್ರೆಯೇ. ಬಿಪಿಗೆ ಮೂತ್ರ ಹೋಗುವ ಮಾತ್ರೆ ಮೊದಲೇ ಇತ್ತು. ಎರಡೂ ಸೇರಿ ರಕ್ತದಲ್ಲಿನ ಸೋಡಿಯಂ (ಉಪ್ಪಿನಂಶ) 116ಕ್ಕೆ ಇಳಿಯಿತು. ಮಾತು ತೊದಲಿತು, ನನ್ನನ್ನೇ "ಯಾರು ನೀನು" ಅಂದರು. ಮನೆಯವರೆಲ್ಲ ಮರೆವು ಜಾಸ್ತಿಯಾಯಿತು ಅಂತ ಸುಮ್ಮನಿದ್ದರು. ಐಸಿಯು ದಿನಕ್ಕೆ 18,500, ಒಟ್ಟು ಬಿಲ್ 96,240. ಅದರಲ್ಲಿ ಗ್ಲೌಸ್, ಹತ್ತಿಗೇ 3,100! ಇನ್ಶೂರೆನ್ಸ್‌ನವರು ಫಿಟ್ಸ್ ಮೊದಲೇ ಇತ್ತು, ನೀವು ಹೇಳಿಲ್ಲ ಅಂತ ಕೈಯೆತ್ತಿದರು. ಯಾವತ್ತು ಬಂತು ಅಂತ ನಮಗೇ ಗೊತ್ತಿಲ್ಲದ ಕಾಯಿಲೆಯನ್ನು ಫಾರಂನಲ್ಲಿ ಬರೆಯುವುದು ಹೇಗೆ?

ವಿಜಯಪುರ ಮಾಸ್ತರು:
ಹುಬ್ಬಳ್ಳಿಯವರು ಡಿಮೆನ್ಷಿಯಾ ಅಲ್ಲ, ಫಿಟ್ಸ್ ಅಂತ ಗೆದ್ದವರ ಹಾಗೆ ಬರೆದಿದ್ದಾರೆ. ಎರಡೂ ಇರಬಹುದು ತಂಗಿ. ನನ್ನ ಅಣ್ಣನಿಗೆ ಲಕ್ವಾ ಹೊಡೆದ ಮೇಲೆ ಫಿಟ್ಸ್ ಬಂತು. ವಯಸ್ಸಾದವರಿಗೆ ಹೊಸದಾಗಿ ಫಿಟ್ಸ್ ಬರಲು ಅದೇ ದೊಡ್ಡ ಕಾರಣ. ಆಲ್ಝೈಮರ್ ಇದ್ದವರಿಗೂ ಬರುತ್ತದೆ. ಅಣ್ಣನಿಗೆ ಫಿಟ್ಸ್ ನಿಂತಿತು, ಮರೆವು ನಿಲ್ಲಲಿಲ್ಲ. ಎಲ್ಲ ಸರಿಹೋಗುತ್ತದೆ ಅಂತ ಆಸೆ ಹುಟ್ಟಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಹುಬ್ಬಳ್ಳಿ ಸೊಸೆ:
ಎಲ್ಲ ಸರಿಹೋಯಿತು ಅಂತ ನಾನು ಎಲ್ಲಿ ಬರೆದೆ ಸರ್? ಮಾವನವರಿಗೂ ಹೋದದ್ದು ವಾಪಸ್ ಬಂದಿಲ್ಲ. ನನ್ನ ಮದುವೆ, ಎಲ್ಲರೂ ಕಾಶಿಗೆ ಹೋಗಿದ್ದು, ಯಾವುದೂ ನೆನಪಿಲ್ಲ. ಗಂಗೆಯಲ್ಲಿ ನಿಂತ ಫೋಟೋ ತೋರಿಸಿದರೆ "ಇದು ನಾನೇನಾ?" ಅಂತ ಕೇಳುತ್ತಾರೆ. ಬೆಳಗ್ಗೆ ಓದಿದ ಸುದ್ದಿ ಸಂಜೆಗೆ ನೆನಪಿರುತ್ತದೆ, ಮೂರು ವಾರ ಬಿಟ್ಟು ಕೇಳಿದರೆ ಇರುವುದಿಲ್ಲ. ಆದರೆ ಬ್ಯಾಂಕಿನ ಲೆಕ್ಕ ಅವರೇ ನೋಡುತ್ತಾರೆ, ಸ್ಕೂಟರ್ ಓಡಿಸುತ್ತಾರೆ.

ಪುತ್ತೂರು:
ಸ್ಕೂಟರ್ ಕೊಟ್ಟಿದ್ದೀರಾ? ಡಿಎಲ್‌ಗೆ ಕೊಡುವ ಫಾರಂ 1ರಲ್ಲೇ ಮೂರ್ಛೆರೋಗ ಇದೆಯಾ ಅಂತ ಕೇಳುತ್ತಾರೆ, ಗೊತ್ತಲ್ವಾ?

ಹುಬ್ಬಳ್ಳಿ ಸೊಸೆ:
ತರಕಾರಿ ತರೋದಕ್ಕೆ ಮಾತ್ರ. ಕೀಲಿ ಇಟ್ಟುಕೊಂಡರೆ ಊಟ ಬಿಡುತ್ತಾರೆ. ನೀವು ಬಂದು ಸಮಾಧಾನ ಮಾಡುತ್ತೀರಾ?

ಹಾಸನ ತೋಟದವರು:
ತರಕಾರಿ ರಸ್ತೆಯಲ್ಲಿ ಶಾಲೆ ಮಕ್ಕಳು ಓಡಾಡುವುದಿಲ್ಲವಾ? ಪುತ್ತೂರಿನವರು ಹೇಳಿದ್ದು ಸರಿ.

ತುಮಕೂರು ಹುಡುಗ:
ನಮ್ಮ ಅಪ್ಪನ ಹತ್ತಿರ ಗಾಡಿಯೇ ಇಲ್ಲ. ಇಇಜಿ ಮತ್ತೆ ಮಾಡಿಸಲಾ, ಮಾತ್ರೆ ಶುರು ಮಾಡಲಾ? ಅದು ಹೇಳಿ.

ಮೈಸೂರು ಔಷಧಿ ಅಂಗಡಿ:
ಮುಂದಿನ ಸಲ ಹಾಗಾದಾಗ ಮೊಬೈಲಲ್ಲಿ ವಿಡಿಯೊ ಮಾಡಿ. ಮುಖ, ಕೈ ಎರಡೂ ಕಾಣಬೇಕು. ಅದನ್ನು ಡಾಕ್ಟರಿಗೆ ತೋರಿಸಿ, ನಿದ್ದೆಗೆಡಿಸಿ ಮಾಡುವ ಇಇಜಿ ಬೇಕಾ ಅಂತ ಕೇಳಿ. ಎರಡನೇ ಅಭಿಪ್ರಾಯ ಬೇಕಿದ್ದರೆ ನಿಮಗೆ ನಿಮ್ಹಾನ್ಸ್ ದೂರವಿಲ್ಲ. ಶುರು ಮಾಡಿದ ಮೇಲೆ ನಿಮ್ಮಷ್ಟಕ್ಕೆ ನೀವೇ ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಜೋರಾಗಿ ಬರಬಹುದು. ಹಾಸನದವರೇ, ಲೆವೆ ಬಿಡಿಸುವಾಗ ನಿಧಾನವಾಗಿ ಇಳಿಸಿದಿರಿ ತಾನೇ?

ಹಾಸನ ತೋಟದವರು:
ಇಳಿಸಿದ್ದು ಡಾಕ್ಟರು. ಚೀಟಿ ಇದೆ, ತಾರೀಖು ಸಮೇತ. ಅಂಗಡಿಯವರಿಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ.