ಗಿರಿ ಇಳಿಯುವಾಗ ಬ್ರೇಕ್ ಪೆಡಲ್ ಪೂರ್ತಿ ಒಳಗೆ ಹೋಗತ್ತೆ, ತಣ್ಣಗಾದ್ಮೇಲೆ ಸರಿಯಾಗತ್ತೆ (2001 ಜೆನ್)

ಗಿರಿಸೀಮೆ:
ಎಲ್ರಿಗೂ ನಮಸ್ಕಾರ. ಗಾಡಿ 2001ರ ಮಾರುತಿ ಜೆನ್ ಪೆಟ್ರೋಲ್, ಊರು ಚಿಕ್ಕಮಗಳೂರು. ಪೇಟೆ ಒಳಗೆ ಬ್ರೇಕ್ ಚೆನ್ನಾಗೇ ಹಿಡಿಯತ್ತೆ, ಆದ್ರೆ ನೆಂಟ್ರನ್ನ ಮುಳ್ಳಯ್ಯನಗಿರಿಗೆ ಕರ್ಕೊಂಡ್ಹೋಗಿ ವಾಪಸ್ ಇಳಿಯೋವಾಗ ಸೀತಾಳಯ್ಯನಗಿರಿ ದಾಟಿ ಕೈಮರದ ಕಡೆ ಬರೋ ತಿರುವುಗಳಲ್ಲಿ ಪೆಡಲ್ ಮೆತ್ತಗಾಗ್ತಾ ಆಗ್ತಾ ಕೊನೆಗೆ ಕಾಲಡಿ ಮ್ಯಾಟೇ ಮುಟ್ತು, ಹ್ಯಾಂಡ್‌ಬ್ರೇಕ್ ಎಳೆದು ಹೆಂಗೋ ನಿಲ್ಸಿದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದ್ರೆ ಪೆಡಲ್ ಗಟ್ಟಿ, ಏನೂ ಆಗೇ ಇಲ್ಲ ಅನ್ನೋ ಹಾಗೆ. ಗ್ಯಾರೇಜಲ್ಲಿ ಪ್ಯಾಡ್ ಹೊಸದು ಹಾಕಿ ಹಿಂದಿನ ಚಕ್ರದ ಬ್ರೇಕ್ ಲೈನರ್ ಅಡ್ಜಸ್ಟ್ ಮಾಡಿದ್ರು, ಮತ್ತೆ ಅದೇ ಕತೆ. ಬ್ರೇಕ್ ಆಯಿಲ್ ಲೆವೆಲ್ ಇಳಿದಿಲ್ಲ. ಈಗ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ಚಕ್ರಗಳ ಕಡೆ ತಳ್ಳೋ ಭಾಗ) ಚೇಂಜ್ ಮಾಡ್ಸಿ ಅಂತಿದಾರೆ. ಮಾಡಿಸ್ಲಾ?

ಬೇಲೂರು ಎಕ್ಸ್‌ಪ್ರೆಸ್:
ಮಾಸ್ಟರ್ ಸಿಲಿಂಡರೇ ಗುರು, ಒಳಗಿನ ರಬ್ಬರ್ ಹೋಗಿರತ್ತೆ. ಮಾವನ ಓಮ್ನೀಲೂ ಹಿಂಗೇ ಆಗಿತ್ತು. ಯೋಚನೆ ಮಾಡ್ಬೇಡ, ಹಾಕ್ಸು.

ಹಾಸನದ ಸ್ಪ್ಯಾನರ್:
ತಡೀರಿ ಮಾರಾಯ್ರೆ, ದುಡ್ಡು ಖರ್ಚು ಮಾಡೋಕೆ ಮುಂಚೆ ಒಂದು ಟೆಸ್ಟ್ ಮಾಡಿ. ಗಾಡಿ ತಣ್ಣಗಿದ್ದಾಗ ಪೆಡಲ್ ಮೇಲೆ ಹಗುರಾಗಿ ಕಾಲಿಟ್ಟು ಒಂದು ನಿಮಿಷ ಹಾಗೇ ಹಿಡಿದಿರಿ. ಮೆಲ್ಲಗೆ ಕೆಳಗಿಳೀತಾ ಹೋದ್ರೆ ಮಾಸ್ಟರ್ ಸಿಲಿಂಡರ್ ಸೀಲ್ ಮೇಲೆ ಅನುಮಾನ ಪಡಬಹುದು. ನಿಂತಲ್ಲೇ ನಿಂತ್ರೆ ಅದನ್ನ ಸದ್ಯಕ್ಕೆ ಬಿಡಿ.

ಪ್ಯಾಡ್ ಕಾದು ಹಿಡಿತ ಹೋದ್ರೆ ಪೆಡಲ್ ಗಟ್ಟಿಯಾಗೇ ಇರತ್ತೆ, ಗಾಡಿ ಮಾತ್ರ ನಿಲ್ಲಲ್ಲ. ನಿಮ್ದು ಪೆಡಲ್ಲೇ ಒಳಗೆ ಹೋಗ್ತಿದೆ, ತಣ್ಣಗಾದ್ಮೇಲೆ ವಾಪಸ್ ಬರ್ತಿದೆ, ಅಂದ್ರೆ ನನ್ನ ಪ್ರಕಾರ ಕ್ಯಾಲಿಪರ್ (ಚಕ್ರದ ಹತ್ರ ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಹತ್ರ ಆಯಿಲ್ ಕುದೀತಿದೆ. ಬ್ರೇಕ್ ಆಯಿಲ್ ಗಾಳೀಲಿರೋ ನೀರಿನಂಶ ಹೀರ್ಕೊಳ್ಳತ್ತೆ. ಡಾಟ್ 3 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಹೊಸದಿದ್ದಾಗ ಕಮ್ಮಿ ಅಂದ್ರೂ 205 ಡಿಗ್ರಿ ತಡ್ಕೊಬೇಕು, ನೀರು ಸೇರಿದ್ಮೇಲೆ ಆ ಲೆಕ್ಕ 140ಕ್ಕೆ ಇಳಿಯತ್ತೆ. ಕುದ್ರೆ ಆವಿ, ಆವಿ ಅದುಮ್ಕೊಳ್ಳತ್ತೆ, ನೀವು ಒತ್ತಿದ್ದು ಚಕ್ರದವರೆಗೆ ಹೋಗೋದೇ ಇಲ್ಲ.

ಆಯಿಲ್ ಕೊನೇ ಸಲ ಯಾವಾಗ ಬದಲಾಯ್ಸಿದ್ದು? ಹಳೇ ಪ್ಯಾಡ್ ಎರಡೂ ಕಡೆ ಒಂದೇ ಸಮ ಸವೆದಿತ್ತಾ?

ಗಿರಿಸೀಮೆ:
ಪೆಡಲ್ ಇಳೀಲಿಲ್ಲ ಸಾರ್, ಗಟ್ಟಿಯಾಗಿ ನಿಂತಿತ್ತು. ಆಯಿಲ್ ನಾನು ತಗೊಂಡ್ಮೇಲಂತೂ ಬದಲಾಯ್ಸಿಲ್ಲ, ಡಬ್ಬೀಲಿ ನೋಡಿದ್ರೆ ಕಾಫಿ ಡಿಕಾಕ್ಷನ್ ಥರ ಇದೆ. ಎಡಗಡೆ ಪ್ಯಾಡ್ ಪೂರ್ತಿ ಹೋಗಿತ್ತು, ಬಲಗಡೇದು ಇನ್ನೂ ಅರ್ಧ ಇತ್ತು. ಎಡ ಮುಂದಿನ ಚಕ್ರದ ಹತ್ರ ಕೈ ಹಿಡಿದ್ರೇ ಶಾಖ ಹೊಡೆಯತ್ತೆ, ಸಪಾಟು ರೋಡಲ್ಲಿ ಬ್ರೇಕ್ ಮುಟ್ದೆ ಬಂದ್ರೂ ಅಷ್ಟೇ.

ಹಾಸನದ ಸ್ಪ್ಯಾನರ್:
ಇದನ್ನ ಮೊದ್ಲೇ ಹೇಳ್ಬಾರ್ದಾ! ಎಡಗಡೆ ಬ್ರೇಕ್ ಬಿಡ್ತಿಲ್ಲ, ಉಜ್ಕೊಂಡೇ ಓಡ್ತಿದೆ, ಆ ಬಿಸಿಗೇ ಆಯಿಲ್ ಕುದೀತಿದೆ. ಪ್ಯಾಡ್ ಹಾಕಿದವರು ಹಳೇ ಪ್ಯಾಡ್ ನೋಡಿದ್ರೆ ಅಲ್ಲೇ ಗೊತ್ತಾಗ್ಬೇಕಿತ್ತು.

ಸಪಾಟು ಜಾಗದಲ್ಲಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಮುಂದಿನ ಎಡ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರ್ಸಿ, ಬರೀ ಜಾಕ್ ನಂಬ್ಬೇಡಿ. ನ್ಯೂಟ್ರಲ್ ಮಾಡಿ. ಒಬ್ರು ಬ್ರೇಕ್ ಒತ್ತಿ ಬಿಡ್ಲಿ, ಚಕ್ರ ತಿರುಗ್ಸಿ ನೋಡಿ. ಬಿಗಿಯಾಗೇ ಇದ್ರೆ ಬ್ಲೀಡಿಂಗ್ ನಿಪ್ಪಲ್ (ಕ್ಯಾಲಿಪರ್ ಮೇಲೆ ಆಯಿಲ್ ಹೊರಗೆ ಬಿಡೋ ಸ್ಕ್ರೂ) ಲೂಸ್ ಮಾಡಿ. ಆಯಿಲ್ ಚಿಮ್ಮಿ ಚಕ್ರ ಸಡಿಲ ಆದ್ರೆ ಒಳಗೆ ಪ್ರೆಶರ್ ಸಿಕ್ಕಾಕೊಂಡಿದೆ ಅಂತ ಅರ್ಥ. ಆಗ್ಲೂ ಬಿಗಿ ಇದ್ರೆ ಕ್ಯಾಲಿಪರ್ ಪಿಸ್ಟನ್ನೋ ಕ್ಯಾಲಿಪರ್ ಜಾರೋ ಸ್ಲೈಡ್ ಪಿನ್ನೋ ತುಕ್ಕು ಹಿಡಿದಿದೆ, ನಮ್ಮ ಮಲೆನಾಡ ಮಳೇಲಿ ಇದಂತೂ ಮಾಮೂಲು.

ಸಡಿಲ ಆದ್ರೆ ನಿಪ್ಪಲ್ ಮುಚ್ಚಿ ಮತ್ತೆ ಒತ್ತಿ ಬಿಡ್ಸಿ, ಈ ಸಲ ಕ್ಯಾಲಿಪರಿಗೆ ಆಯಿಲ್ ತರೋ ರಬ್ಬರ್ ಹೋಸ್ ಲೋಹದ ಪೈಪಿಗೆ ಸೇರೋ ಜಾಯಿಂಟ್ ಲೂಸ್ ಮಾಡಿ. ಇಲ್ಲಿ ಬಿಚ್ಚಿದ್ರೂ ಚಕ್ರ ಬಿಡ್ಲಿಲ್ಲ ಅಂದ್ರೆ ಹೋಸೇ ಒಳಗೆ ಊದಿ ಕಟ್ಕೊಂಡಿದೆ, ಹೊರಗಡೆಯಿಂದ ಚೆನ್ನಾಗೇ ಕಾಣತ್ತೆ. ಇಲ್ಲೂ ಬಿಟ್ರೆ ತೊಂದ್ರೆ ಮೇಲಿದೆ, ಆಗ ಬೇಕಾದ್ರೆ ಮಾಸ್ಟರ್ ಸಿಲಿಂಡರ್ ಮಾತಾಡೋಣ. ಆಯಿಲ್ ಪೇಂಟಿಗೆ ಬಿದ್ರೆ ತಕ್ಷಣ ನೀರು ಹಾಕಿ.

ಗಿರಿಸೀಮೆ:
ಬೇರೆ ಮೆಕ್ಯಾನಿಕ್ ಹತ್ರ ನಿಂತು ಮಾಡಿಸ್ದೆ. ನಿಪ್ಪಲ್ ಬಿಚ್ಚಿದ್ ಕೂಡ್ಲೇ ಚಕ್ರ ಸಲೀಸಾಗಿ ತಿರುಗ್ತು, ಮೇಲಿನ ಜಾಯಿಂಟ್ ಬಿಚ್ಚಿದ್ರೆ ಜಪ್ಪಯ್ಯ ಅಂದ್ರೂ ಇಲ್ಲ. ಹೋಸೇ! ಇನ್ನು ಬಲಗಡೇದೂ ಹಾಕಿಸ್ಬೇಕಾ?

ಹಾಸನದ ಸ್ಪ್ಯಾನರ್:
ಎರಡೂ ಹಾಕ್ಸಿ, ಅದಕ್ಕೂ ಅಷ್ಟೇ ವಯಸ್ಸು. ನಾಲ್ಕೂ ಚಕ್ರದಿಂದ ಹೊಸ ಆಯಿಲ್ ಬರೋವರೆಗೂ ಹಳೇದು ತೆಗೆಸಿ, ಸೀಲ್ ಒಡೆಯದ ಡಬ್ಬಿ ನಿಮ್ಮ ಕಣ್ಮುಂದೆ ಓಪನ್ ಆಗ್ಲಿ. ಎಡಗಡೆ ಪ್ಯಾಡ್ ಕಾದು ಗಾಜಿನ ಹಾಗೆ ಹೊಳೀತಿದ್ರೆ ಪ್ಯಾಡ್ ಸೆಟ್ಟೂ ಬದಲಾಯ್ಸಿ. ಗಿರಿ ಇಳಿಯೋವಾಗ ಸೆಕೆಂಡ್ ಗೇರಲ್ಲೇ ಬನ್ನಿ, ಪೆಡಲ್ ಮೇಲೆ ಕಾಲಿಟ್ಕೊಂಡೇ ಇರ್ಬೇಡಿ.

ಬೇಲೂರು ಎಕ್ಸ್‌ಪ್ರೆಸ್:
ಹಂಗಾದ್ರೆ ಮಾವನ ಓಮ್ನಿ ಹೋಸೂ ಒಂದ್ಸಲ ನೋಡ್ಬೇಕು, ಮಾಸ್ಟರ್ ಸಿಲಿಂಡರಿಗೆ ಹೊಸ ರಬ್ಬರ್ ಕಿಟ್ ಹಾಕಿದ್ಮೇಲೂ ಎಡಕ್ಕೆ ಎಳೀತಿದೆ ಅಂತಿದ್ರು.